ಕಲ್ಲುಮೋರಿಯ ಮೂರನೆಯ ಕಂಬ

ಕಲ್ಲುಮೋರಿ ನೋಡಲು ನಾನು ಹೋದಾಗ ನನಗೆ ಅರವತ್ತೇಳು ವರ್ಷ. ಅದಾಗಿ ಐದು ವರ್ಷವಾಯಿತು. ನೋಡಲು ಎಂದು ಹೋದದ್ದು ಅದೊಂದೇ ಸಲ. ಅದಕ್ಕೆ ಮೊದಲು ನಲವತ್ತು ವರ್ಷ ಅದರ ಮೇಲೆ ಸೊಪ್ಪು ಇಟ್ಟುಕೊಂಡು ಕೂರಲು ಹೋಗುತ್ತಿದ್ದೆ. ಕೂರುವವರಿಗೆ ನೋಡುವ ಪುರುಸೊತ್ತು ಇರುವುದಿಲ್ಲ.

ಈಗ ಅದಕ್ಕೆ ಪುರಾತನ ಸೇತುವೆ ಎಂದು ಬೋರ್ಡು ಹಾಕಿದ್ದಾರೆ. ನಮ್ಮ ಬಾಯಲ್ಲಿ ಅದು ಕಲ್ಲುಮೋರಿ. ದೊಡ್ಡಬಳ್ಳಾಪುರದ ಸೀಮೆಯ ನಮ್ಮ ಪೇಟೆಯಲ್ಲಿ, ಕೆರೆ ಕೋಡಿ ಬಿದ್ದರೆ ನೀರು ಹರಿದುಹೋಗುವ ಹಳ್ಳವೊಂದಿದೆ. ಆ ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರದ ಕಲ್ಲುಕಂಬಗಳನ್ನು ನಿಲ್ಲಿಸಿ, ಕಂಬದ ಮೇಲೆ ತೊಲೆ ಇಟ್ಟು, ತೊಲೆಯ ಮೇಲೆ ಚಪ್ಪಡಿ ಹಾಸಿದ್ದಾರೆ. ಗಾರೆ ಇಲ್ಲ, ಕಬ್ಬಿಣ ಇಲ್ಲ. ಎರಡು ಪಕ್ಕಕ್ಕೂ ಕೂತವರ ಬೆನ್ನಿಗೆ ಸಿಗುವಷ್ಟು ಎತ್ತರದ ಕಲ್ಲಿನ ತಡೆ. ಕೆಳಗೆ ಈಗ ಪೇಟೆಯ ಬಚ್ಚಲ ನೀರು ಹರಿಯುತ್ತದೆ, ಬೇಸಿಗೆಯಲ್ಲಿ ಮೂಗು ಮುಚ್ಚಿಕೊಳ್ಳಬೇಕು. ಬಸ್ಸು ಲಾರಿಗಳಿಗೆ ಆಚೆ ಬೇರೆ ಬ್ರಿಡ್ಜು ಕಟ್ಟಿದ ಮೇಲೆ ಕಲ್ಲುಮೋರಿಯಲ್ಲಿ ಓಡಾಡಲು ಉಳಿದವರು ನಡೆಯುವವರು ಮತ್ತು ಸೈಕಲ್ಲಿನವರು. ಬುಧವಾರದ ಸಂತೆಗೆ ಊರ ಆ ಭಾಗದವರು ಈ ಭಾಗಕ್ಕೆ ಅದರ ಮೇಲೆಯೇ ಬರಬೇಕು. ಆದ್ದರಿಂದ ಅಲ್ಲಿ ಕೂತವರ ಮುಂದೆ ಇಡೀ ಪೇಟೆ ಒಂದು ಸಲವಾದರೂ ಹಾದುಹೋಗುತ್ತಿತ್ತು.

ಸಂತೆಯಲ್ಲಿ ಜಾಗ ಎಂದರೆ ಏನು ಎಂದು ಅಂಗಡಿಗೆ ಹೋಗಿ ಸೊಪ್ಪು ತರುವವರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಕಾಗದವಿಲ್ಲ. ಗೋಣಿಚೀಲ ಹಾಸಿ ಮೂಲೆಗೊಂದು ಕಲ್ಲು ಇಟ್ಟರೆ ಅದು ಜಾಗ. ಅತ್ತೆ ಕೂತಲ್ಲಿ ಸೊಸೆ ಕೂರುತ್ತಾಳೆ. ಮಗಳಿಗೆ ಬರುವುದಿಲ್ಲ, ಅವಳು ಇನ್ನೊಬ್ಬರ ಮನೆಯ ಸೊಸೆ. ಹೆರಿಗೆಯೋ, ಸಾವೋ, ಜ್ವರವೋ, ಏನೇ ಆಗಲಿ ಎರಡು ಸಂತೆ ತಪ್ಪಿಸಬಹುದು. ಪಕ್ಕದವರು ಜಾಗ ಕಾಯುತ್ತಾರೆ. ಸತತ ಮೂರು ಸಂತೆ ತಪ್ಪಿದರೆ ಜಾಗ ಹೋಯಿತು, ಆಮೇಲೆ ಕಾಲಿಗೆ ಬಿದ್ದರೂ ಬರುವುದಿಲ್ಲ. ನನ್ನ ಎರಡನೆಯ ಮಗ ಹುಟ್ಟಿದಾಗ ಎರಡು ಸಂತೆ ಬಿಟ್ಟಿದ್ದೆ. ಮೂರನೆಯದಕ್ಕೆ ಹೊಟ್ಟೆಗೆ ಹಳೆ ಸೀರೆ ಬಿಗಿದುಕೊಂಡು ಹೋಗಿ ಕೂತೆ. ಮಗುವನ್ನು ಬುಟ್ಟಿಯ ಹಿಂದೆ ಮಲಗಿಸಿಕೊಂಡಿದ್ದೆ. ಯಾರೂ ಅಯ್ಯೋ ಎನ್ನಲಿಲ್ಲ. ಎಲ್ಲರೂ ಹಾಗೇ ಮಾಡಿದವರು.

ನಮ್ಮ ಜಾಗ ಮೂರನೆಯ ಕಂಬದ ನೇರಕ್ಕೆ. ದಡದ ಹೊಂಗೆಮರದ ನೆರಳು ಹನ್ನೊಂದು ಗಂಟೆಗೆ ಅಲ್ಲಿಗೆ ಬಂದರೆ ಸಂಜೆಯವರೆಗೆ ಕದಲುವುದಿಲ್ಲ, ಸೊಪ್ಪು ಬಾಡುವುದಿಲ್ಲ. ಅಲ್ಲಿ ಬೆನ್ನಿಗೆ ಸಿಗುವ ತಡೆಕಲ್ಲಿನ ಮೇಲೆ ಅಕ್ಷರಗಳಿದ್ದವು. ನಮ್ಮತ್ತೆ ಬುಟ್ಟಿ ಇಳಿಸಿದ ತಕ್ಷಣ ಆ ಕಲ್ಲಿಗೆ ಅರಿಶಿನ ಬಳಿದು, ತಲೆಯ ಎಣ್ಣೆ ಸವರಿ, ಮೊದಲ ಕಟ್ಟು ಸೊಪ್ಪನ್ನು ಅದಕ್ಕೆ ಮುಟ್ಟಿಸಿ ಆಮೇಲೆ ಬೋಣಿ ಮಾಡುತ್ತಿದ್ದಳು. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಜಿಡ್ಡು ಹತ್ತಿ ಹತ್ತಿ ಕಲ್ಲು ಹಂಚಿನ ತಳದ ಹಾಗೆ ಕಪ್ಪಗಾಗಿ ಅಕ್ಷರ ಅರ್ಧ ಮುಚ್ಚಿಹೋಗಿತ್ತು.

ನಮ್ಮತ್ತೆಗೆ ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಬೇರೆ ಸಹಿ ಗೊತ್ತಿರಲಿಲ್ಲ. ಆದರೂ ಆ ಕಲ್ಲಿನಲ್ಲಿ ಏನು ಬರೆದಿದೆ ಎಂದು ಅವಳಿಗೆ ಗೊತ್ತಿತ್ತು.

“ಈ ಜಾಗ ಹಿರೇ ಸೊಸೇಗೆ ಅಂತ ಕೆತ್ತವ್ರೆ ಕಣೆ. ರಾಜ್ರು ಕಾಲದ್ದು. ಯಾರೂ ಅಳಿಸಕ್ಕಾಗಲ್ಲ” ಎನ್ನುತ್ತಿದ್ದಳು.

ನಾನು ಹಿರಿಯ ಸೊಸೆ, ನಂಬಿದೆ. ಮೂರನೆಯ ಕ್ಲಾಸಿನವರೆಗೆ ಸ್ಕೂಲಿಗೆ ಹೋಗಿದ್ದ ನನಗೆ ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಆ ಅಕ್ಷರ ಬರುತ್ತಿರಲಿಲ್ಲ. ಊರ ಮೇಷ್ಟರಿಗೂ ಬರಲಿಲ್ಲ. ಆದ್ದರಿಂದ ಅತ್ತೆ ಹೇಳಿದ್ದೇ ಓದು.

ಅತ್ತೆ ಸತ್ತ ಹದಿಮೂರನೆಯ ದಿನ ನನ್ನ ವಾರಗಿತ್ತಿ, ಎಂದರೆ ನನ್ನ ಗಂಡನ ತಮ್ಮನ ಹೆಂಡತಿ, ಜಾಗದಲ್ಲಿ ತನಗೂ ಪಾಲು ಬೇಕು ಎಂದಳು. ಅದುವರೆಗೆ ಅತ್ತೆಯ ಜೊತೆಗೆ ಕೂರುತ್ತಿದ್ದವಳು ನಾನು. ಕೂಲಿಗೆ ಹೋಗುತ್ತಿದ್ದವಳು ಅವಳು. ಸಂತೆಯ ಹಿರಿಯರು ಕೂತು ಮಾತಾಡಿ, ಒಂದು ವಾರ ನಾನು, ಒಂದು ವಾರ ಅವಳು ಎಂದು ಹೇಳಿದರು. ಅವಳ ವಾರ ಬಂದರೆ ನಾನು ಹಿತ್ತಲಲ್ಲಿ ಮಡಿ ಮಾಡಿ ಬೆಳೆದ ಸೊಪ್ಪನ್ನು ಸಗಟಿನವನ ಗಾಡಿಗೆ ಎಸೆಯಬೇಕು, ಅವನು ಅದನ್ನು ಕಾಲಿನಲ್ಲಿ ತಳ್ಳಿ ಬೆಲೆ ಹೇಳುತ್ತಿದ್ದ. ಪೇಟೆಗೆ ಒಂದೆರಡು ಬಸ್ ಸ್ಟಾಪಿನ ದೂರದ ನಮ್ಮ ಹಳ್ಳಿಯಲ್ಲಿ ಇಬ್ಬರ ಮನೆಗಳ ನಡುವೆ ಗೋಡೆ ಎದ್ದಿತ್ತು, ಮಾತು ನಿಂತಿತ್ತು. ಹೇಳಬೇಕಾದದ್ದನ್ನು ಪಕ್ಕದ ಜಾಗದ ಹೂವಿನವಳ ಮೂಲಕ ಹೇಳುತ್ತಿದ್ದೆವು.

“ಆಯಮ್ಮಂಗೆ ಹೇಳು, ಕೊಳೆತ ಕೀರೆ ಎಲ್ಲಾ ಜಾಗದಲ್ಲೇ ಬಿಟ್ಟೋಗ್ಬೇಡ ಅಂತ” ಎಂದು ನಾನು.

ನನ್ನ ಮುಂದಿನ ವಾರಕ್ಕೆ ಅವಳ ಉತ್ತರವನ್ನು ಹೂವಿನವಳು ಒಪ್ಪಿಸುತ್ತಿದ್ದಳು: “ಕೊಳೆತಿದ್ದು ಕೀರೆ ಅಲ್ವಂತೆ ಕಣಕ್ಕ, ನಿನ್ ಬಾಯಂತೆ.”

ಒಂಬತ್ತು ವರ್ಷ ಹೀಗೆ ನಡೆಯಿತು. ನನಗೆ ಬೇಕಾದದ್ದು ಒಂದೇ: ಆ ಜಾಗ ಪೂರ್ತಿ ನನ್ನದಾಗಬೇಕು. ಅದಕ್ಕೆ ಸಾಕ್ಷಿ ನನ್ನ ಬೆನ್ನ ಹಿಂದೆಯೇ ಇತ್ತು. ಓದುವವರು ಸಿಗಬೇಕಿತ್ತು ಅಷ್ಟೇ.

ಸಿಕ್ಕರು. ಅವರೆಕಾಯಿ ಕಾಲ. ನನ್ನ ವಾರ. ಬಿಳಿ ತಲೆಯ, ಪೆನ್‌ಷನ್ ತೆಗೆದುಕೊಳ್ಳುವ ವಯಸ್ಸಿನ ಒಬ್ಬರು, ಅವರ ಜೊತೆ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟುಕೊಂಡ ಒಬ್ಬ ಹುಡುಗಿ, ಬೆಂಗಳೂರಿನಿಂದ ಬಂದಿದ್ದರು. ಇಬ್ಬರೂ ಹಳ್ಳಕ್ಕಿಳಿದು, ಆ ನಾತದಲ್ಲೇ ನಿಂತು ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಮೇಲೆ ಬಂದು ನನ್ನ ಬೆನ್ನ ಹಿಂದೆ ಬಗ್ಗಿದರು.

“ಅಮ್ಮಾ, ಸ್ವಲ್ಪ ಮುಂದಕ್ಕೆ ಬರ್ತೀರಾ? ಇದು ಶಾಸನ” ಎಂದರು ಬಿಳಿ ತಲೆಯವರು.

“ಓದಕ್ಕೆ ಬರ್ತದಾ ಸ್ವಾಮಿ ನಿಮ್ಗೆ?”

“ಬರುತ್ತೆ. ಆದ್ರೆ ಎಣ್ಣೆ ಜಿಡ್ಡು ಹೋಗ್ಬೇಕು. ಮುಂದಿನ ವಾರ ಬಂದು ತೊಳೀತೀವಿ.”

“ನಾನೇ ತೊಳ್ದಿಕ್ತೀನಿ. ಬುಧವಾರಾನೇ ಬನ್ನಿ. ಬೆಳಿಗ್ಗೆ ಹತ್ತಕ್ಕೆ.”

ಬುಧವಾರವೇ ಎಂದದ್ದು ಬೇಕೆಂದೇ. ಅದು ವಾರಗಿತ್ತಿಯ ವಾರ. ತುಂಬಿದ ಸಂತೆಯಲ್ಲಿ, ಅವಳನ್ನು ಜಾಗದಿಂದ ಎಬ್ಬಿಸಿ, ಅವಳ ಮುಂದೆ ಓದಿಸಬೇಕು ಎಂದಿತ್ತು ನನಗೆ.

“ತಂತಿ ಬ್ರಶ್ಶು ಹಾಕ್ಬೇಡಿ ಅಜ್ಜಿ, ಅಕ್ಷರ ಹೋಗುತ್ತೆ” ಎಂದಳು ಹುಡುಗಿ.

ಮಂಗಳವಾರ ಹುಣಿಸೆಹಣ್ಣು, ಒಲೆಬೂದಿ, ತೆಂಗಿನ ನಾರು, ಎರಡು ಬಿಂದಿಗೆ ನೀರು ತೆಗೆದುಕೊಂಡು ಹೋದೆ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಉಜ್ಜಿದೆ. ಮೊದಲು ಕಪ್ಪು ನೀರು ಇಳಿಯಿತು, ಆಮೇಲೆ ಹಳದಿ. ಅತ್ತೆ, ಅತ್ತೆಯ ಅತ್ತೆ ಬಳಿದ ಅರಿಶಿನವೆಲ್ಲ ಚಪ್ಪಡಿಯ ಸಂದಿಯಿಂದ ಹಳ್ಳಕ್ಕೆ ಬಿತ್ತು. ನನ್ನ ಬೆರಳಿನ ತುದಿ ಒಡೆದು ಹುಣಿಸೆ ಹುಳಿ ಚುರುಗುಟ್ಟಿತು. ಕೊನೆಗೆ ಅಕ್ಷರಗಳು ಕಂಡವು, ಸಾಲು ಸಾಲಾಗಿ, ದುಂಡಗೆ. ನನಗೆ ಅದರಲ್ಲಿ ಒಂದೂ ಗೊತ್ತಾಗಲಿಲ್ಲ. ಆದರೂ ಮೂರನೆಯ ಸಾಲಿನಲ್ಲಿ ಒಂದು ಕಡೆ ಬೆರಳಿಟ್ಟು, ಇಲ್ಲೇ ಇರಬೇಕು ಹಿರಿಯ ಸೊಸೆ ಎಂದುಕೊಂಡೆ.

ಬುಧವಾರ ಅವರು ಹೇಳಿದ ಹೊತ್ತಿಗೇ ಬಂದರು. ನಾನು ಬುಟ್ಟಿ ಇಲ್ಲದೆ, ಒಗೆದ ಸೀರೆ ಉಟ್ಟು ನಿಂತಿದ್ದೆ. ವಾರಗಿತ್ತಿ ಗೋಣಿಚೀಲದ ಮೇಲೆ ಸಬ್ಬಸಿಗೆ ಹರಡಿಕೊಂಡು ಕೂತಿದ್ದಳು.

“ಏಳೇ. ಸ್ವಾಮೇರು ಓದ್ಬೇಕು” ಎಂದೆ. ಒಂಬತ್ತು ವರ್ಷದಲ್ಲಿ ನಾನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಯಾಕೇಳ್ಬೇಕು? ನನ್ ವಾರ ಇದು.”

“ಯಾರ್ ವಾರ ಅಂತ ಇನ್ನೊಂದು ಗಳಿಗೇಲಿ ಗೊತ್ತಾಯ್ತದೆ, ಏಳು.”

ಅವಳು ಎದ್ದಳು. ಅವಳಿಗೂ ಕೇಳುವ ಆಸೆ ಇತ್ತು ಎಂದು ಆಮೇಲೆ ತಿಳಿಯಿತು. ಹೂವಿನವಳು ಕಟ್ಟುತ್ತಿದ್ದ ಸೇವಂತಿಗೆಯನ್ನು ಮಡಿಲಿಗೆ ಹಾಕಿಕೊಂಡು ಬಂದಳು. ಕಡ್ಲೆಪುರಿಯವನು ಅಳೆಯುವ ಸೇರು ಹಿಡಿದುಕೊಂಡೇ ಬಂದ. ಕೊಳ್ಳಲು ಬಂದವರೂ ನಿಂತರು. ಬಿಳಿ ತಲೆಯವರು ಕಲ್ಲಿನ ಮೇಲೆ ಮೈದಾಹಿಟ್ಟು ಎರಚಿ ಅಂಗೈಯಲ್ಲಿ ಸವರಿದರು. ಹಿಟ್ಟು ಗುಂಡಿಯಲ್ಲಿ ಕೂತು ಅಕ್ಷರ ಬೆಳ್ಳಗೆ ಎದ್ದು ನಿಂತಿತು. ಕನ್ನಡಕ ಹಣೆಗೇರಿಸಿ, ಮೂಗು ಕಲ್ಲಿಗೆ ತಾಗುವಷ್ಟು ಹತ್ತಿರ ಹೋಗಿ ಗೊಣಗುತ್ತಾ ಓದಿದರು. ಹುಡುಗಿ ಬರೆದುಕೊಂಡಳು. ಬಹಳ ಹೊತ್ತಾಯಿತು.

“ಏನದೆ ಸ್ವಾಮಿ?”

“ಅದ್ಭುತವಾಗಿದೆ ಅಮ್ಮ! ಗಂಡ ತೀರಿಕೊಂಡ ಒಬ್ಬ ಹೆಂಗಸು ತನ್ನ ಒಡವೆ ಕೊಟ್ಟು ಈ ಸೇತುವೆ ಕಟ್ಟಿಸಿದ್ದಾಳೆ. ಸಂತೆಗೆ ಬರೋರು ಹೊರೆ ಹೊತ್ತುಕೊಂಡು ಹಳ್ಳದಲ್ಲಿ ಇಳಿಯೋದು ಬೇಡ ಅಂತ. ಇಲ್ಲಿ ದಾಟೋರ ಹತ್ರ, ಇಲ್ಲಿ ಇಳಿಸಿ ಮಾರೋರ ಹತ್ರ ಯಾರೂ ಸುಂಕ ಕೇಳಬಾರದು, ಯಾರೂ ಅವರನ್ನ ತಡೀಬಾರದು ಅಂತಾನೂ ಇದೆ. ತಡೆದೋರಿಗೆ ಶಾಪ ಹಾಕಿದ್ದಾರೆ ಕೊನೇಲಿ.”

“ಆಮೇಲೆ?”

“ಅಷ್ಟೇ.”

“ಇನ್ನೊಂದ್ಸಲ ನೋಡಿ. ಹಿರೇ ಸೊಸೆ ಅಂತ ಇರ್ಬೇಕು. ಇಲ್ಲಿ, ಈ ಸಾಲಲ್ಲಿ.”

ಅವರು ಪಾಪ, ಇನ್ನೊಂದು ಸಲ ನೋಡಿದರು. “ಸೊಸೆ ಅನ್ನೋ ಮಾತೇ ಇಲ್ಲಮ್ಮ ಇದ್ರಲ್ಲಿ.”

ಆಗ ವಾರಗಿತ್ತಿ ಮುಂದೆ ಬಂದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಮೆಲ್ಲಗೆ ಕೇಳಿದಳು: “ಕಿರೇ ಸೊಸೆ ಅಂತ್ಲೂ ಇಲ್ವಾ ಸಾರ್? ಸರೀಗ್ ನೋಡಿ. ನಮ್ಮತ್ತೆ ನಂಗೆ ಹಂಗೇ ಹೇಳಿದ್ಲು.”

ಹೂವಿನವಳು ಹೊಟ್ಟೆ ಹಿಡಿದುಕೊಂಡಳು. “ಅಯ್ಯಯ್ಯೋ! ಮುದ್ಕಿ ಇಬ್ರಿಗೂ ಒಂದೇ ಕಲ್ಲು ತೋರಿಸಿ ನಾಮ ಹಾಕವ್ಳೆ ಕಣ್ರೋ!”

ಕಡ್ಲೆಪುರಿಯವನು, “ನಡೂಕ್ಲು ಸೊಸೆ ಇದ್ದಿದ್ರೆ ಅವ್ಳಿಗೂ ಒಂದು ಸಾಲು ಇರೋದು” ಎಂದ. ಕೊಳ್ಳಲು ಬಂದವರೆಲ್ಲ ನಕ್ಕರು.

ನಾನು ಮುದುಕಿಯ ಕಾಲು ಒತ್ತಿದ್ದು ಇಪ್ಪತ್ತು ವರ್ಷ. ವಾರಗಿತ್ತಿ ತಲೆಗೆ ನೀರು ಹಾಕಿ ಬೆನ್ನು ಉಜ್ಜಿದ್ದೂ ಅಷ್ಟೇ ವರ್ಷ. ಒಂದು ಕಲ್ಲಿನಿಂದ ಇಬ್ಬರ ಕೈಯಲ್ಲೂ ಚಾಕರಿ ಮಾಡಿಸಿಕೊಂಡು ಸತ್ತಳು. ಬುದ್ಧಿವಂತೆ.

ಬಿಳಿ ತಲೆಯವರಿಗೆ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. ನನ್ನ ಕೈ ಹಿಡಿದುಕೊಂಡು, “ನೀವು ತೊಳೆದುಕೊಡದೇ ಇದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ. ದೊಡ್ಡ ಉಪಕಾರ ಮಾಡಿದ್ರಿ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಮನುಷ್ಯರು. ಅವರ ಮೇಲೆ ನನಗೆ ಈಗ ಕೋಪವಿಲ್ಲ ಎಂದರೆ ಅದು ಸುಳ್ಳು.

ನಾಲ್ಕು ದಿನಕ್ಕೆ ಪೇಪರಿನಲ್ಲಿ ಬಂತು. ಕಲ್ಲಿನ ಫೋಟೋ ದೊಡ್ಡದು, ಪಕ್ಕದಲ್ಲಿ ನನ್ನ ಮೊಳಕೈವರೆಗಿನ ಕೈ. ಬಳೆ ನೋಡಿ ನಾನೇ ಎಂದು ಎಲ್ಲರೂ ಗುರುತು ಹಿಡಿದರು. ನಲ್ಲಿಯ ಹತ್ತಿರ ಹೋದರೆ “ಏನ್ ಹಿರೇ ಸೊಸೆ” ಎನ್ನುವರು, ಗಿರಣಿಗೆ ಹೋದರೆ “ಶಾಸನ ಓದಿದ್ಯಾ” ಎನ್ನುವರು. ಮುಂದಿನ ಬುಧವಾರ ನನ್ನ ವಾರ. ಬೆಳಿಗ್ಗೆ ಸೊಪ್ಪು ಕಿತ್ತೆ, ಕಟ್ಟು ಕಟ್ಟಿದೆ, ಬುಟ್ಟಿಗೆ ತುಂಬಿದೆ, ಎತ್ತಲಿಲ್ಲ. ಅಷ್ಟು ಜನರ ಮುಂದೆ ಹೋಗಿ ಆ ಕಲ್ಲಿಗೆ ಬೆನ್ನು ಕೊಡಲು ನನ್ನಿಂದಾಗಲಿಲ್ಲ. ಮಂಡಿ ನೋವು ಎಂದು ಸೊಸೆಗೆ ಹೇಳಿ ಮಲಗಿದೆ. ಒಂದು ಸಂತೆ ತಾನೆ. ಮೂರು ತಪ್ಪಬೇಕು ಜಾಗ ಹೋಗಲು. ಆ ಲೆಕ್ಕದ ಮೇಲೆ ಧೈರ್ಯವಾಗಿ ಮಲಗಿದೆ.

ಜಾಗ ಖಾಲಿ ಇದ್ದದ್ದು ನೋಡಿ ವಾರಗಿತ್ತಿ ಬಂದು ಕೂತಳಂತೆ.

ಅವತ್ತೇ ಮಧ್ಯಾಹ್ನ ಪುರಸಭೆ ಆಫೀಸಿನವರು ಟೇಪು, ರಿಜಿಸ್ಟರು ಹಿಡಿದುಕೊಂಡು ಬಂದರು. ಪೇಪರಿನಲ್ಲಿ ಬಂದ ಮೇಲೆ ಮೇಲಿನಿಂದ ಆರ್ಡರು ಬಂದಿತ್ತಂತೆ. ಇದು ಹಳೆಯ ಕಾಲದ ಸೇತುವೆ, ಇನ್ನು ಇದರ ಮೇಲೆ ವ್ಯಾಪಾರ ಕೂಡದು, ಈಗ ಕೂತಿರುವವರಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಶೆಡ್ಡಿನಲ್ಲಿ ಒಂದೊಂದು ಕಟ್ಟೆ ಕೊಡುತ್ತೇವೆ ಎಂದು ಹೇಳಿ, ಒಂದು ತುದಿಯಿಂದ ಹೆಸರು ಬರೆದುಕೊಂಡು ಬಂದರು. ಒಂದು ಜಾಗಕ್ಕೆ ಒಂದು ಹೆಸರು. ಮೂರನೆಯ ಕಂಬದ ಹತ್ತಿರ ವಾರಗಿತ್ತಿ ತನ್ನ ಹೆಸರು ಹೇಳಿದಳು.

ಸಂಜೆ ಹೂವಿನವಳು ನಮ್ಮ ಬಾಗಿಲಿಗೆ ಬಂದು ಇಷ್ಟನ್ನೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅಂಗಳದಲ್ಲೇ ನಿಂತು, “ನಂಗೆ ಪಾಯಿಖಾನೆ ಪಕ್ಕದ ಕಟ್ಟೆ ಬಂದೈತೆ. ಆ ನಾತದಲ್ಲಿ ಯಾವಳು ಮಲ್ಲಿಗೆ ಮುಡೀತಾಳೆ? ನಿನ್ ಕಲ್ಲು ತೊಳೆದ ಕೈ ಸೇದೋಗ” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮರುದಿನ ಆಫೀಸಿಗೆ ಹೋದೆ. ಕ್ಲರ್ಕು ಚಿಕ್ಕ ವಯಸ್ಸಿನವನು, ನನ್ನ ಹತ್ತಿರ ಸೊಪ್ಪು ಕೊಂಡಿದ್ದವನೇ.

“ಒಂದು ಸಂತೆ ತಪ್ಪಿದ್ರೆ ಜಾಗ ಹೋಗಲ್ಲ ಸಾರ್. ಮೂರು ತಪ್ಪಬೇಕು” ಎಂದೆ.

“ಯಾವ ರೂಲ್ಸಲ್ಲಿದೆ ಅಜ್ಜಿ?”

“ಸಂತೇಲಿದೆ.”

“ಸಂತೆ ರೂಲ್ಸು ಸಂತೇಲಿ. ಇಲ್ಲಿ, ಅವತ್ತು ಯಾರು ಕೂತಿದ್ರೋ ಅವರ ಹೆಸರು. ಸಾಹೇಬ್ರು ಸೈನ್ ಆಗಿದೆ.”

“ಒಂದು ವಾರ ನಾನು, ಒಂದು ವಾರ ಅವಳು. ಎಲ್ರಿಗೂ ಗೊತ್ತು. ಕೇಳಿ ಬೇಕಾದ್ರೆ.”

“ಇಬ್ರು ಹೆಸರು ಹಾಕೋಕೆ ಒಂದೇ ಗೆರೆ ಇರೋದು ಅಜ್ಜಿ.” ಅವನು ರಿಜಿಸ್ಟರು ನನ್ನ ಕಡೆ ತಿರುಗಿಸಿ ತೋರಿಸಿದ. ನಿಜ, ಒಂದೇ ಗೆರೆ.

“ಆ ಕಲ್ಲು ತೋರಿಸಿಕೊಟ್ಟಿದ್ದೇ ನಾನು” ಎಂದೆ. ಅದು ಕೆಲಸಕ್ಕೆ ಬರುತ್ತದೆ ಎಂದುಕೊಂಡಿದ್ದೆ.

“ಯಾಕ್ ತೋರಿಸ್ದೆ?” ಎಂದು ಕೇಳಿದ. ಕುಹಕದಿಂದ ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ. ನಾನು ಎದ್ದು ಬಂದೆ.

ಕಲ್ಲುಮೋರಿಗೆ ಬೇಲಿ ಬಿತ್ತು. ಸಂತೆ ಶೆಡ್ಡಿಗೆ ಹೋಯಿತು. ನಾನು ಹೋಗಲಿಲ್ಲ. ನನ್ನ ಸೊಪ್ಪು ಎಲ್ಲ ವಾರವೂ ಸಗಟಿನವನ ಗಾಡಿಗೆ ಬೀಳತೊಡಗಿತು. ಗಿರಾಕಿಯ ಮುಖವನ್ನೇ ನೋಡದೆ ಸೊಪ್ಪು ಬೆಳೆಯುವುದು ಎಂದರೆ ದನಕ್ಕೆ ಹುಲ್ಲು ಬೆಳೆದ ಹಾಗೆ. ಮಗ, “ಸಾಕು ಬಿಡಮ್ಮ, ಮನೇಲಿರು” ಎಂದ. ಸೊಸೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗುತ್ತಾಳೆ, ಅವಳಿಗೆ ಈ ಜಾಗದ ಗೊಡವೆಯೇ ಇಲ್ಲ. “ಅತ್ತೇ, ಬಿಸಿಲಲ್ಲಿ ಕೂರೋದು ತಪ್ತಲ್ಲ” ಎಂದಳು. ಅವಳು ಕೂತವಳಲ್ಲ. ನಾನು ಯಾರಿಗೆ ಕೊಡಲೆಂದು ಆ ಜಾಗ ಪೂರ್ತಿ ಬೇಕೆಂದು ಹೋರಾಡಿದೆನೋ ಅವಳಿಗೇ ಅದು ಬೇಕಿರಲಿಲ್ಲ. ಇದನ್ನು ನಾನು ಮೊದಲೇ ಕೇಳಿರಲಿಲ್ಲ.

ಯುಗಾದಿ ಕಳೆದ ಒಂದು ಬುಧವಾರ ಮಧ್ಯಾಹ್ನ, ಕೈಯಲ್ಲಿ ಏನೂ ಇಲ್ಲದೆ, ನಾನು ಕಲ್ಲುಮೋರಿ ನೋಡಲು ಹೋದೆ.

ಕಬ್ಬಿಣದ ಗೇಟಿನಲ್ಲಿ ಕಾವಲಿನವನು ಸ್ಟೂಲಿನ ಮೇಲೆ ಕೂತಿದ್ದ. “ಬುಟ್ಟಿ ಗಿಟ್ಟಿ ಇಲ್ವಲ್ಲ? ಹೋಗಜ್ಜಿ” ಎಂದ. ಒಳಗೆ ಗುಡಿಸಿ ಚೊಕ್ಕಟ ಮಾಡಿದ್ದರು. ದಡದಲ್ಲಿ ಹುಲ್ಲು, ಎರಡು ಸಿಮೆಂಟು ಬೆಂಚು. ಹೊಂಗೆಮರದ ಕೊಂಬೆ ಕಡಿದಿದ್ದರು, ಎಲೆ ಉದುರಿ ಕಲ್ಲು ಹಾಳಾಗುತ್ತದಂತೆ. ಕೆಳಗೆ ಇಳಿಯಲು ಮೆಟ್ಟಿಲು ಮಾಡಿದ್ದರು. ಇಳಿದೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಮೂರನೆಯ ಕಂಬದಲ್ಲಿ ಒಂದು ಮೀನು ಕೆತ್ತಿದ್ದರು, ಅದರ ಮೇಲೆ ತಾವರೆ. ಚೆನ್ನಾಗಿಯೇ ಇತ್ತು. ನಾತ ಮಾತ್ರ ಹಾಗೇ ಇತ್ತು.

ಮೇಲೆ ಬಂದರೆ, ಬೈಕಿನಲ್ಲಿ ಬಂದಿದ್ದ ಗಂಡ ಹೆಂಡತಿ ಫೋಟೋ ತೆಗೆದುಕೊಳ್ಳುತ್ತಿದ್ದರು. “ಅಜ್ಜಿ, ಸ್ವಲ್ಪ ಸೈಡಿಗೆ ಬರ್ತೀರಾ? ನೀವು ಬೀಳ್ತಿದ್ದೀರಾ ಫೋಟೋದಲ್ಲಿ” ಎಂದಳು ಅವಳು. ಸೈಡಿಗೆ ಹೋದೆ. ಅಲ್ಲಿ ಬೋರ್ಡಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸಂತೆಗೆ ಬರುವ ಜನರ ಅನುಕೂಲಕ್ಕಾಗಿ ಕಟ್ಟಿಸಿದ್ದು, ಇಲ್ಲಿ ಮಾರುವವರನ್ನು ತಡೆಯಬಾರದೆಂದು ಶಾಸನದಲ್ಲಿ ಹೇಳಿದೆ ಎಂದು ಬರೆದಿತ್ತು. ಅದರ ಕೆಳಗೆ ಕೆಂಪಿನಲ್ಲಿ, ಇಲ್ಲಿ ವ್ಯಾಪಾರ ಮಾಡುವುದನ್ನು ನಿಷೇಧಿಸಲಾಗಿದೆ. ಎರಡನ್ನೂ ಒಬ್ಬನೇ ಬರೆದಿರಬೇಕು, ಅಕ್ಷರ ಒಂದೇ ಥರ ಇತ್ತು. ಬರೆದವನು ಓದಲಿಲ್ಲವೋ ಏನೋ.

ಕಲ್ಲಿನ ಮುಂದೆ ಕಬ್ಬಿಣದ ಸರಳು ಹಾಕಿದ್ದರು. ಬೆನ್ನು ಕೊಡುವ ಹಾಗಿರಲಿಲ್ಲ. ಸರಳಿನ ಈಚೆ ಚಪ್ಪಡಿಯ ಮೇಲೆ ಕೂತೆ. ಬಿಸಿಲು ಸುಡುತ್ತಿತ್ತು. ಸೀಟಿ ಕೇಳಿತು. ಕಾವಲಿನವನು ಬರುತ್ತಿದ್ದ.

“ಅಲ್ಲಿ ಕೂರಂಗಿಲ್ಲ ಅಜ್ಜಿ. ಬೆಂಚೈತೆ ನೋಡು.”

“ನಾನು ಬೆಂಚಿನೋಳಲ್ಲ ಕಣಪ್ಪ. ಇದು ನನ್ ಜಾಗ.”

“ಎಲ್ರೂ ಇದ್ನೇ ಹೇಳ್ತಾರೆ. ನೆನ್ನೆ ಪುರಿ ಮಾರೋ ತಾತ ಬಂದು ಅಲ್ಲಿ ಕೂತಿದ್ದ. ಏಳು, ನನ್ ಕೆಲ್ಸ ಹೋಯ್ತದೆ.”

ಎದ್ದೆ. ಎದ್ದು ಬೇಲಿಯ ಹತ್ತಿರ ಬಂದರೆ ಆಚೆ ರಸ್ತೆಯಲ್ಲಿ ವಾರಗಿತ್ತಿ ನಿಂತಿದ್ದಳು. ಶೆಡ್ಡಿನಿಂದ ಹೊರಟು, ನಮ್ಮ ಹಳ್ಳಿಯ ಬಸ್ಸಿಗೆಂದು ಬ್ರಿಡ್ಜಿನ ಸ್ಟಾಪಿಗೆ ಹೋಗುತ್ತಿದ್ದಳು. ತಲೆಯ ಮೇಲಿನ ಬುಟ್ಟಿಯಲ್ಲಿ ಮುಕ್ಕಾಲು ಪಾಲು ಸೊಪ್ಪು ಹಾಗೇ ಇತ್ತು, ಬಾಡಿತ್ತು. ನಾನು ಎದ್ದು ಬಂದದ್ದನ್ನು ನೋಡಿದ್ದಳು.

“ಅಕ್ಕಾ” ಎಂದಳು. ಹಾಗೆ ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ನಾನು ಅವಳ ಬುಟ್ಟಿಯ ಕಡೆ ನೋಡಿದೆ.

“ಶೆಡ್ಡಿಗೆ ಯಾರೂ ಬರಲ್ಲ ಕಣಕ್ಕ. ದಾರೀಲಿ ಸಿಕ್ಕಿದ್ರೆ ತಗೊಳ್ತಿದ್ರು, ಅಷ್ಟು ದೂರ ಯಾರ್ ಬರ್ತಾರೆ? ನಾಕು ಕಟ್ಟು ಹೋಗಿದ್ರೆ ನಿನ್ನಾಣೆ.”

“ಒಳ್ಳೇದಾಯ್ತು.”

“ಕಟ್ಟೆ ಅಗಲ ಐತೆ. ನೀನೂ ಬಾ. ಇಬ್ರೂ ಕೂರಬೋದು.”

“ನಿನ್ ಹೆಸರಿನ ಕಟ್ಟೆ ಮೇಲೆ ನಿನ್ ಪಕ್ಕ ಕೂತ್ಕೊಬೇಕಾ ನಾನು? ಯಾಕೆ, ಸೊಪ್ಪಿಗೆ ನೀರು ಚಿಮುಕ್ಸೋಕೆ ಆಳು ಬೇಕಾ?”

ಅವಳಿಗೆ ಸಿಟ್ಟು ಬರುತ್ತದೆ, ಹೋಗುತ್ತಾಳೆ ಎಂದುಕೊಂಡೆ. ಅವಳು ಬುಟ್ಟಿ ಇಳಿಸಿ ಬೇಲಿಯ ಪಕ್ಕ ಇಟ್ಟಳು. ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಅವತ್ತು ರಿಜಿಸ್ಟರ್ನೋನು ಹೆಸರು ಕೇಳ್ದಾಗ, ಇದು ನಮ್ಮಕ್ಕನ ವಾರ ಅಂತ ಬಾಯಿಗ್ ಬಂತು. ಹೂವಿನೋಳು ನನ್ನೇ ನೋಡ್ತಿದ್ಲು. ನಿನ್ ಹೆಸರು ಹೇಳ್ಬೇಕು ಅಂತಾನೇ ಇದ್ದೆ.”

“ಮತ್ತೆ?”

“ನುಂಗ್ಬಿಟ್ಟೆ.”

“ಯಾಕೆ?”

“ನಂಗೂ ಬೇಕಿತ್ತು ಕಣಕ್ಕ.”

ಅವಳ ಜಾಗದಲ್ಲಿ ನಾನಿದ್ದಿದ್ದರೆ ಅವಳ ಹೆಸರು ನನ್ನ ಬಾಯಿಗೂ ಬರುತ್ತಿರಲಿಲ್ಲ. ನೇರವಾಗಿ ನನ್ನ ಹೆಸರು ಹೇಳಿ, ಕಾಗುಣಿತ ಸರಿಯಾಗಿ ಬರೆದನೋ ಇಲ್ಲವೋ ಎಂದು ಎರಡು ಸಲ ನೋಡುತ್ತಿದ್ದೆ. ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಆದರೂ ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಅಷ್ಟಾದರೂ ಹಗುರವಾಗುತ್ತಿತ್ತು. ಅವಳಿಗೆ ಹಗುರ ಮಾಡುವ ಮನಸ್ಸು ನನಗೆ ಬರಲಿಲ್ಲ.

“ಬುಟ್ಟಿ ಎತ್ತು, ಬಸ್ಸು ಹೋಯ್ತದೆ” ಎಂದೆ.

“ಕೈ ಕೊಡು” ಎಂದಳು.

ಬೇಲಿ ಅಡ್ಡ ಇತ್ತು. ಕೊಡಲು ಆಗುತ್ತಿರಲಿಲ್ಲ. ಆಗುವಂತಿದ್ದರೆ ಕೊಡುತ್ತಿದ್ದೆನೋ ಇಲ್ಲವೋ ಈಗ ಹೇಳಲಾರೆ. ಅವಳು ಮಂಡಿಯ ಮೇಲೆ ಬುಟ್ಟಿ ಇಟ್ಟುಕೊಂಡು, ತಾನೇ ಒದ್ದಾಡಿ ತಲೆಗೇರಿಸಿಕೊಂಡು ಹೋದಳು. ನಾನು ಅವಳ ಬಸ್ಸು ಹೊರಡುವ ತನಕ ಕಾದು, ಮುಂದಿನ ಬಸ್ಸಿಗೆ ಮನೆಗೆ ಬಂದೆ. ಸಗಟಿನವನು ಫೋನು ಮಾಡಿ, ನಾಳೆ ಗಾಡಿ ಕಳಿಸಲೇ ಎಂದು ಕೇಳಿದ. ಬೇಡ ಎಂದೆ.

ಮಾರನೆಯ ಬೆಳಿಗ್ಗೆ ಇಬ್ಬನಿ ಇರುವಾಗಲೇ ದಂಟು, ಕೀರೆ, ಮೆಂತ್ಯ ಕಿತ್ತೆ. ಕಟ್ಟು ಕಟ್ಟಿ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ ಬುಟ್ಟಿ ತಲೆಗಿಟ್ಟುಕೊಂಡೆ. ಹೊಲಗಳನ್ನು ಒಡೆದು ಹೊಸದಾಗಿ ಮಾಡಿದ ಬಡಾವಣೆಗೆ ನಡೆದು ಹೋದೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ. ಜಾಗ ಇರುವವರು ಕೂಗುವುದಿಲ್ಲ, ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಾನೆ. ಜಾಗ ಇಲ್ಲದವರು ಬೀದಿ ಬೀದಿಯಲ್ಲಿ ಕೂಗಿಕೊಂಡು ತಿರುಗಬೇಕು. ನಾನು ಒಮ್ಮೆಯೂ ಕೂಗಿದವಳಲ್ಲ. ಮೊದಲ ಬೀದಿಯನ್ನು ಬಾಯಿ ಬಿಡದೆ ದಾಟಿದೆ, ಯಾರೂ ಬಾಗಿಲು ತೆರೆಯಲಿಲ್ಲ. ಎರಡನೆಯ ಬೀದಿಯ ತಿರುವಿನಲ್ಲಿ ನಿಂತು, ಸೊಪ್ಪೂ ಎಂದೆ. ದನಿ ಕೀರಲಾಗಿ ಅರ್ಧಕ್ಕೇ ನಿಂತಿತು. ಒಂದು ಮನೆಯ ನಾಯಿ ಬೊಗಳಿತು. ಬುಟ್ಟಿ ಸರಿಪಡಿಸಿಕೊಂಡು, ಇನ್ನೊಂದು ಸಲ ಜೋರಾಗಿ ಕೂಗಿದೆ.